ಸತ್ತವಳು ಊಟಕ್ಕೆ ಬಂದಳು

ಮಡಿಕೇರಿಯ ಹೋಟೆಲೊಂದರಲ್ಲಿ ಒಬ್ಬ ಹೆಂಗಸು ಊಟಕ್ಕೆ ಕೂತಿದ್ದಳು. ಅದರಲ್ಲೇನು ವಿಶೇಷ ಅಂತೀರಾ? ಪೊಲೀಸರ ಕಾಗದದ ಪ್ರಕಾರ ಆಕೆ ಸತ್ತು ವರ್ಷಗಳಾಗಿದ್ದವು. 2025ರ ಏಪ್ರಿಲ್ 1. ತಾರೀಖು ನಾನು ಕಟ್ಟಿದ್ದಲ್ಲ.

ಗಂಡ ಕುಶಾಲನಗರ ಕಡೆಯ ಬಡ ಆದಿವಾಸಿ. ಹೆಂಡತಿ ಕಾಣುತ್ತಿಲ್ಲ ಅಂತ ಠಾಣೆಗೆ ಹೋಗಿ ದೂರು ಕೊಟ್ಟವನೂ ಅವನೇ. ಆಮೇಲೆ ಮೈಸೂರು ಜಿಲ್ಲೆಯ ಬೆಟ್ಟದಪುರ ಠಾಣೆ ವ್ಯಾಪ್ತಿಯಲ್ಲಿ ಅಸ್ಥಿಪಂಜರವೊಂದು ಸಿಕ್ಕಿತು. ಇತ್ತ ಹೆಂಡತಿ ಇಲ್ಲದ ಗಂಡ, ಅತ್ತ ಹೆಸರಿಲ್ಲದ ಮೂಳೆ. ಜಾತಕ ಕೂಡಿಬಂತು! ಮೂಳೆ ಹೆಂಡತಿಯದು, ಕೊಂದವನು ಗಂಡ ಅಂತ ಪೊಲೀಸರು ಕೇಸು ಹಾಕಿದರು. ಡಿಎನ್‌ಎ ವರದಿ ಮಾತ್ರ ಕೂಡಿಬರಲಿಲ್ಲ. ಆದರೂ ಗಂಡ ವರ್ಷಕ್ಕೂ ಮೇಲೆ ಜೈಲಿನಲ್ಲಿದ್ದ. ಕೊನೆಗೆ ‘ಮೃತೆ’ಯೇ ಮೈಸೂರಿನ ಕೋರ್ಟಿಗೆ ಬಂದು ನಿಂತಳು, ಅವನಿಗೆ ಖುಲಾಸೆ ಆಯಿತು, ಗೃಹ ಇಲಾಖೆಯಿಂದ 1 ಲಕ್ಷ ಪರಿಹಾರಕ್ಕೆ ಆದೇಶವೂ ಆಯಿತು. ಅವನು 5 ಕೋಟಿ ಕೇಳಿ ಹೈಕೋರ್ಟಿಗೆ ಹೋದ.

“ಸುಳ್ಳು ಕೇಸು ಹಾಕಿದ ಪೊಲೀಸರ ಮೇಲೆ ಸಿವಿಲ್ ದಾವೆ ಹೂಡಬಹುದಲ್ಲ?” ವಕೀಲ ಗೆಳೆಯನನ್ನು ಕೇಳಿದೆ.

“ಧಾರಾಳವಾಗಿ. ದುರುದ್ದೇಶದ ಪ್ರಾಸಿಕ್ಯೂಷನ್ ಅಂತಾರೆ. ಕೇಸು ನಡೆಸಿದ್ದು ಅವರೇ ಅಂತ ತೋರಿಸು. ಅದು ನಿನ್ನ ಪರ ಮುಗಿದಿರಬೇಕು. ನಿನ್ನ ಮಾನಕ್ಕೋ ಮೈಗೋ ಆಸ್ತಿಗೋ ನಷ್ಟ ಆಗಿರಬೇಕು.”

“ಎಲ್ಲ ಇದೆ.”

“ಸಂಶಯಕ್ಕೆ ಸಕಾರಣ ಇರಲಿಲ್ಲ ಅಂತಲೂ ನೀನೇ ತೋರಿಸಬೇಕು.”

“ಸತ್ತವಳು ಊಟ ಮಾಡ್ತಿದ್ದಳಲ್ಲ ಮಾರಾಯ!”

“ಅದು ಆಮೇಲೆ ಗೊತ್ತಾದದ್ದು. ಚಾರ್ಜ್‌ಶೀಟ್ ಹಾಕುವಾಗ ಅವರ ಮನಸ್ಸಿನಲ್ಲಿ ಏನಿತ್ತು? ಎಲ್ಲಕ್ಕಿಂತ ಮುಖ್ಯ, ದುರುದ್ದೇಶ. ಹಳೇ ಹಗೆಯೇ ಬೇಕೆಂದಿಲ್ಲ. ತಪ್ಪಿತಸ್ಥನಿಗೆ ಶಿಕ್ಷೆ ಕೊಡಿಸುವುದು ಬಿಟ್ಟು ಬೇರೇನೋ ಲೆಕ್ಕಾಚಾರ ಇತ್ತು ಅಂತಾದರೂ ಸಾಬೀತಾಗಬೇಕು. ಬರೀ ದಡ್ಡತನ ಸಾಲದು.”

ಆಗ ನನಗೆ ಜ್ಞಾನೋದಯವಾಯಿತು. ಇಲಾಖೆಗೆ ದಡ್ಡತನ ಬರೀ ಸ್ವಭಾವವಲ್ಲ, ಅದೇ ಕವಚ. ಸ್ವಲ್ಪ ಬುದ್ಧಿ ಓಡಿಸಿ ಕೇಸು ಹೆಣೆದವನು ಸಿಕ್ಕಿಬಿದ್ದಾನು. ಯಾವುದೋ ಮೂಳೆಗೆ ಯಾರದೋ ಹೆಸರಿಟ್ಟವನು ಕೋರ್ಟಿನಲ್ಲಿ ಕೈಮುಗಿದು “ಗೊತ್ತಾಗಲಿಲ್ಲ ಸ್ವಾಮಿ” ಅಂದರಾಯಿತು. ಹೆಣ ಯಾರದೆಂದು ನೋಡದೆಯೂ ಕೊಲೆ ಕೇಸು ನಡೆಯುತ್ತದೆ. ದಾವೆ ಹೂಡುವ ಬಡವ ಮಾತ್ರ ಇನ್‌ಸ್ಪೆಕ್ಟರ ಎದೆ ಬಗೆದು ಒಳಗಿನದ್ದನ್ನು ತೋರಿಸಬೇಕು. ಆ ಕೆಲಸಕ್ಕೆ ಪೊಲೀಸರ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಯಂತ್ರ ಇಲ್ಲ.

“ಇನ್ನೂ ಇದೆ,” ಅಂದ ಗೆಳೆಯ. “ಖುಲಾಸೆಯಾದ 1 ವರ್ಷದೊಳಗೆ ದಾವೆ ಹೂಡಬೇಕು. ಅದಕ್ಕೆ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಪ್ರಕಾರ ನೋಟಿಸ್ ಕೊಟ್ಟು 2 ತಿಂಗಳು ಕಾಯಬೇಕು. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಕೂಡ ಇದೆ. ಕರ್ತವ್ಯದ ಹೆಸರಲ್ಲಿ ಅಥವಾ ಕರ್ತವ್ಯ ಮೀರಿ ಮಾಡಿದ್ದಾದರೂ ಸರ್ಕಾರದ ಪೂರ್ವಾನುಮತಿ ತಾ ಅನ್ನುತ್ತೆ.”

“ಯಾವ ಸರ್ಕಾರ?”

“ಅವರಿಗೆ ಸಂಬಳ ಕೊಡುವ ಸರ್ಕಾರ.”

ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟೆ: “ಹಾಗಾದ್ರೆ ಆ ಅಸ್ಥಿಪಂಜರ ಯಾರದು?”

ಗೆಳೆಯ ಎದ್ದು ಬಾಗಿಲು ಹಾಕಿ ಬಂದ.

“ಮೆಲ್ಲಗೆ ಮಾತಾಡೋ. ನಿನ್ನ ಹೆಂಡತಿ ಮನೆಯಲ್ಲೇ ಇದ್ದಾಳೆ ತಾನೆ?”