ಒಲೆ ಬೇರೆಯಾಯಿತು, ಎಸರು ಕುದಿಯಲಿಲ್ಲ

ಕೂಡುಕುಟುಂಬದಿಂದ ಪಾಲು ತೆಗೆದುಕೊಂಡು ಹೊರಬಂದವನು ಮೊದಲು ಮಾಡುವ ಕೆಲಸ ಬೇರೆ ಒಲೆ ಹೂಡುವುದು. ಆ ಒಲೆಯ ಹೊಗೆ ಹಳೆಯ ಮನೆಯವರ ಕಣ್ಣಿಗೆ ಬೀಳಬೇಕು. ಬೀಳದಿದ್ದರೆ ಬೇರೆಯಾಗಿ ಏನು ಬಂತು? ಅದಕ್ಕಾಗಿ ಹಸಿ ಸೌದೆಯನ್ನೇ ಒಟ್ಟಿ ಊದುವ ಮಹನೀಯರೂ ಉಂಟು. ಅಮೆರಿಕದ ರ‍್ಯಾಪ್ ರಾಕ್ ಗಾಯಕರಾದ ಝ್ಯಾಕ್ ಡಿ ಲಾ ರೋಚಾ ಅವರು 2000ನೇ ಇಸವಿಯ ಅಕ್ಟೋಬರ್ 18ರಂದು ತಮ್ಮ ತಂಡದಿಂದ ಪಾಲಾಗಿ ಹೊರಬಂದರು. ಇನ್ನು ಮುಂದೆ ಸ್ವಂತ ಆಲ್ಬಂನ ಕೆಲಸದಲ್ಲಿ ತೊಡಗುತ್ತಾರೆಂದು ಜಗತ್ತಿಗೆಲ್ಲ ಸುದ್ದಿಯಾಯಿತು. ಅದಾಗಿ ಕಾಲು ಶತಮಾನ ಕಳೆದಿದೆ. ಆಗ ತೊಟ್ಟಿಲಲ್ಲಿದ್ದ ಕೂಸುಗಳು ಓದು ಮುಗಿಸಿ, ಕೆಲಸಕ್ಕೆ ಸೇರಿ, ಅವರಲ್ಲಿ ಕೆಲವರು ಒಂದೆರಡು ತಂಡಗಳನ್ನು ಕಟ್ಟಿ ಒಡೆದೂ ಆಗಿದೆ. ಬೇರೆ ಒಲೆಯಿಂದ ಮಾತ್ರ ಇನ್ನೂ ಹೊಗೆಯೆದ್ದಿಲ್ಲ.

ಮೊದಲು ಹಳೆಯ ಮನೆಯ ವಿಚಾರ. 1991ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಹುಟ್ಟಿದ ಈ ನಾಲ್ವರ ತಂಡದ ಹೆಸರು ರೇಜ್ ಅಗೇನ್ಸ್ಟ್ ದಿ ಮಷೀನ್, ಅಂದರೆ ಯಂತ್ರದ ವಿರುದ್ಧ ರೋಷ. ಗಾಯನ ಝ್ಯಾಕ್ ಅವರದು, ಗಿಟಾರ್ ಟಾಮ್ ಮೊರೆಲೊ ಅವರದು, ಬೇಸ್ ಟಿಮ್ ಕಾಮರ್ಫರ್ಡ್ ಅವರದು, ಡ್ರಮ್ಸ್ ಬ್ರ್ಯಾಡ್ ವಿಲ್ಕ್ ಅವರದು. ಇಲ್ಲಿ ಯಂತ್ರವೆಂದರೆ ಹಿಟ್ಟಿನ ಗಿರಣಿಯಲ್ಲ. ಬಂಡವಾಳ, ಪೊಲೀಸರ ಲಾಠಿ, ಸೇನೆ, ಜಾಹೀರಾತು ಇವೆಲ್ಲ ಹಲ್ಲುಗಾಲಿಗಳಂತೆ ಕೂಡಿಕೊಂಡು ಮನುಷ್ಯನನ್ನು ಅರೆದುಹಾಕುವ ವ್ಯವಸ್ಥೆ. 1992ರ ನವೆಂಬರಿನಲ್ಲಿ ಬಂದ ಮೊದಲ ಆಲ್ಬಂನ ಮುಖಪುಟದಲ್ಲಿ, 1963ರಲ್ಲಿ ಸೈಗಾನ್‌ನ ನಡುಬೀದಿಯಲ್ಲಿ ಪದ್ಮಾಸನದಲ್ಲಿ ಕುಳಿತು ಪ್ರತಿಭಟನೆಯಾಗಿ ಬೆಂಕಿ ಹಚ್ಚಿಕೊಂಡು ಉರಿದುಹೋದ ವಿಯೆಟ್ನಾಮಿನ ಬೌದ್ಧ ಭಿಕ್ಷು ತಿಚ್ ಕ್ವಾಂಗ್ ಡುಕ್ ಅವರ ಛಾಯಾಚಿತ್ರವಿತ್ತು. ಅದೇ ಆಲ್ಬಂ ಮಾರಾಟಕ್ಕೆ ಬಂದದ್ದು ಸೋನಿಗೆ ಸೇರಿದ ಎಪಿಕ್ ಸಂಸ್ಥೆಯ ಮುದ್ರೆಯೊಡನೆ. ಹೀಗೆ ರೋಷದ ಖಾತೆಯೂ ಯಂತ್ರದ ಖಾತೆಯೂ ಒಂದೇ ಗುಮಾಸ್ತನ ಮೇಜಿನ ಮೇಲೆ ಅಕ್ಕಪಕ್ಕದಲ್ಲಿ ತೆರೆದುಕೊಂಡವು. ಮಾತು ದೂರ ಮುಟ್ಟಬೇಕಾದರೆ ದೊಡ್ಡ ಕಂಪನಿಯ ಹೆದ್ದಾರಿಯನ್ನೇ ಹಿಡಿಯಬೇಕೆಂಬುದು ತಂಡದ ಸಮಜಾಯಿಷಿಯಾಗಿತ್ತು. ಮಾತು ಮುಟ್ಟಿದ್ದೂ ನಿಜ, 1996ರ ಮತ್ತು 1999ರ ಆಲ್ಬಂಗಳು ಅಮೆರಿಕದ ಬಿಲ್‌ಬೋರ್ಡ್ ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೇ ಮುಟ್ಟಿದ್ದೂ ನಿಜ. ಯಂತ್ರಕ್ಕೆ ಬೈಗುಳ ಕೇಳಿ ಬೇಸರವಾಗುವುದಿಲ್ಲ. ಬೈಗುಳ ಮಾರಾಟವಾಗದಿದ್ದರೆ ಮಾತ್ರ ಬೇಸರವಾಗುತ್ತದೆ.

ಸಂಗೀತ ಹುಸಿಯಲ್ಲವೆಂದು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಗಿಟಾರಿನ ತಂತಿಯಿಂದ ಡಿಜೆಯ ತಟ್ಟೆ ಕೆರೆಯುವ ಸದ್ದನ್ನು ಮೊರೆಲೊ ಹೊರಡಿಸಿದ ಬಗೆ, ಝ್ಯಾಕ್ ಅವರ ಗಂಟಲಿನಲ್ಲಿ ಪ್ರಾಸವು ಕಲ್ಲಿನಂತೆ ಎದ್ದು ಬಂದ ಬಗೆ, ಇವುಗಳಿಗೆ ಆ ಕಾಲದಲ್ಲಿ ಸಾಟಿಯಿರಲಿಲ್ಲ. ನಾನು ನಗುತ್ತಿರುವುದು ಹಾಡಿಗಲ್ಲ, ಹಾಡು ನಿಂತ ಮೇಲೆ ನಡೆದ ಮೆರವಣಿಗೆಗೆ.

ನಿಮಿತ್ತ ನೋಡುವವರಿಗೆ ಸೂಚನೆಗಳು ಮೊದಲೇ ಸಿಕ್ಕಿದ್ದವು. ತಂಡದ ಹೆಸರು ಬಂದದ್ದು ಝ್ಯಾಕ್ ಅವರು ಅದಕ್ಕೂ ಮುಂಚೆ ಇದ್ದ ಇನ್‌ಸೈಡ್ ಔಟ್ ಎಂಬ ತಂಡಕ್ಕಾಗಿ ಬರೆದ ಒಂದು ಹಾಡಿನಿಂದ. ಆ ತಂಡದ ಮುಂದಿನ ಆಲ್ಬಂಗೂ ಅದೇ ಹೆಸರಿಡಬೇಕೆಂದಿತ್ತು. ಆ ಆಲ್ಬಂ ಹೊರಬರಲೇ ಇಲ್ಲ. ಬಾರದೇ ಹೋದ ಆಲ್ಬಂನ ಹೆಸರನ್ನೇ ಹಣೆಗೆ ಬರೆದುಕೊಂಡು ಹುಟ್ಟಿದ ತಂಡದ ಗಾಯಕರಿಂದ ಇನ್ನೊಂದು ಆಲ್ಬಂ ನಿರೀಕ್ಷಿಸಿದ್ದು ನಮ್ಮ ತಪ್ಪು. ಇನ್ನು 1993ರಲ್ಲಿ ಫಿಲಡೆಲ್ಫಿಯಾದ ಲೊಲ್ಲಾಪಲೂಜಾ ಉತ್ಸವದಲ್ಲಿ, ಹಾಡುಗಳ ಮೇಲಿನ ಕತ್ತರಿ ಪ್ರಯೋಗವನ್ನು ವಿರೋಧಿಸಿ, ನಾಲ್ವರೂ ಬಾಯಿಗೆ ಪಟ್ಟಿ ಅಂಟಿಸಿಕೊಂಡು, ಮೈಮೇಲೆ ನೂಲೆಳೆಯೂ ಇಲ್ಲದೆ, ಸುಮಾರು ಹದಿನೈದು ನಿಮಿಷ ವೇದಿಕೆಯ ಮೇಲೆ ಸುಮ್ಮನೆ ನಿಂತಿದ್ದರು. ಅದನ್ನು ಜನ ಪ್ರತಿಭಟನೆಯೆಂದುಕೊಂಡರು. ಗಾಯಕರ ಮಟ್ಟಿಗೆ ಅದು ಮುಂದಿನ ಮಹಾಪ್ರಯೋಗದ ತಾಲೀಮು.

2000ನೇ ಇಸವಿ ತಂಡಕ್ಕೆ ಬಿಡುವಿಲ್ಲದ ವರ್ಷವಾಗಿತ್ತು. ಜನವರಿಯಲ್ಲಿ ಸಾಕ್ಷ್ಯಚಿತ್ರಕಾರ ಮೈಕೆಲ್ ಮೂರ್ ಅವರ ನಿರ್ದೇಶನದಲ್ಲಿ ವಾಲ್ ಸ್ಟ್ರೀಟ್‌ನಲ್ಲಿ ವಿಡಿಯೋ ಚಿತ್ರೀಕರಣ ಮಾಡುತ್ತ ಒಳನುಗ್ಗಲು ಹೋದಾಗ ಷೇರು ವಿನಿಮಯ ಕೇಂದ್ರ ಬಾಗಿಲು ಹಾಕಿಕೊಂಡಿತು. ಆಗಸ್ಟ್‌ನಲ್ಲಿ ಲಾಸ್ ಏಂಜಲಿಸ್‌ನ ಡೆಮಾಕ್ರಟಿಕ್ ಪಕ್ಷದ ಅಧಿವೇಶನದ ಹೊರಗೆ ಇವರು ಹಾಡಿದ ಮೇಲೆ ಪೊಲೀಸರು ಜನರನ್ನು ಚದುರಿಸಿದರು. ಸೆಪ್ಟೆಂಬರ್ 7ರಂದು ಎಂಟಿವಿ ಪ್ರಶಸ್ತಿ ಸಮಾರಂಭದಲ್ಲಿ ಅತ್ಯುತ್ತಮ ರಾಕ್ ವಿಡಿಯೋ ಪ್ರಶಸ್ತಿ ತಮಗೆ ಬಾರದೆ ಲಿಂಪ್ ಬಿಝ್ಕಿಟ್ ತಂಡಕ್ಕೆ ಹೋದದ್ದನ್ನು ಕಂಡು ಕಾಮರ್ಫರ್ಡ್ ಅವರು ವೇದಿಕೆಯ ಅಲಂಕಾರದ ಕಟ್ಟಣೆಯನ್ನು ಹತ್ತಿ, ಅಲ್ಲಾಡಿಸುತ್ತ ಕುಳಿತು, ಆ ರಾತ್ರಿಯನ್ನು ಲಾಕಪ್ಪಿನಲ್ಲಿ ಕಳೆದರು. ವಿಶ್ವದ ಬಂಡವಾಳಶಾಹಿಯನ್ನು ಅಲ್ಲಾಡಿಸಲು ಹೊರಟ ಹೋರಾಟ ಎಂಟಿವಿಯ ಹಲಗೆಯನ್ನು ಅಲ್ಲಾಡಿಸುವಲ್ಲಿಗೆ ಬಂದು ನಿಂತಿತು. ಅದೂ ಬಹುಮಾನ ಕೊಡದ ಸಿಟ್ಟಿಗೆ. ಅದಾದ ಆರನೇ ವಾರಕ್ಕೆ ಗಾಯಕರು ಪಾಲು ಕೇಳಿದರು.

ಅವರು ಹೊರಡಿಸಿದ ಹೇಳಿಕೆಯನ್ನು ನಾನು ಹಲವು ಸಲ ಓದಿದ್ದೇನೆ. ಪ್ರತಿ ಸಲವೂ ನನಗೆ ಹಾಲು ಉತ್ಪಾದಕರ ಸಹಕಾರ ಸಂಘವೇ ಕಣ್ಣ ಮುಂದೆ ಬರುತ್ತದೆ. ತಂಡದ ನಿರ್ಣಯ ಕೈಗೊಳ್ಳುವ ಪ್ರಕ್ರಿಯೆ ಸಂಪೂರ್ಣವಾಗಿ ವಿಫಲವಾಗಿದೆ, ಅದು ನಾಲ್ವರ ಸಾಮೂಹಿಕ ಆಶಯಗಳನ್ನು ಈಡೇರಿಸುತ್ತಿಲ್ಲ, ಕಲಾತ್ಮಕವೂ ರಾಜಕೀಯವೂ ಆದ ಆದರ್ಶಕ್ಕೆ ಧಕ್ಕೆಯಾಗಿದೆ ಎಂಬುದು ಅದರ ಸಾರಾಂಶ. ಇಂಥ ಒಕ್ಕಣೆಯನ್ನು ಸಂಘದ ಕಾರ್ಯದರ್ಶಿಯೊಬ್ಬರು ಉಪನಿಬಂಧಕರಿಗೆ ಮೂರು ಪ್ರತಿಗಳಲ್ಲಿ ಬರೆದಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಆದರೆ 'ಕಿಲ್ಲಿಂಗ್ ಇನ್ ದಿ ನೇಮ್' ಎಂಬ ಹಾಡಿನಲ್ಲಿ, ಹೇಳಿದ್ದನ್ನು ಮಾಡುವುದಿಲ್ಲವೆಂದು ಅವಾಚ್ಯ ಶಬ್ದ ಸೇರಿಸಿ ಹದಿನಾರು ಸಲ ಒಂದೇ ಉಸಿರಿಗೆ ಕೂಗಿದ ಕಂಠದಿಂದ 'ಪ್ರಕ್ರಿಯೆ' ಎಂಬ ಪದ ಹೊರಟಾಗ, ಅಧಿಕಾರಶಾಹಿಯ ಕೊನೆಯ ವಿಜಯ ಯಾವುದೆಂದು ಗೊತ್ತಾಯಿತು. ಆಜ್ಞೆಯನ್ನು ಯಾರೂ ಪಾಲಿಸಬಾರದೆಂಬ ಸಿದ್ಧಾಂತದ ಮೇಲೆ ಕಟ್ಟಿದ ತಂಡದಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಪಾಲಿಸುತ್ತಿಲ್ಲವೆಂಬ ದೂರು ಎದ್ದದ್ದು ಸಿದ್ಧಾಂತದ ಸೋಲೋ ಗೆಲುವೋ ಎಂಬುದನ್ನು ಪಂಡಿತರು ನಿರ್ಣಯಿಸಲಿ, ಅವರ ನಿರ್ಣಯ ಪ್ರಕ್ರಿಯೆ ಇನ್ನೂ ಸುಸ್ಥಿತಿಯಲ್ಲಿದ್ದರೆ.

ಡಿಸೆಂಬರಿನಲ್ಲಿ ತಂಡದ ನಾಲ್ಕನೆಯ ಆಲ್ಬಂ ಬಂತು. ಅದರಲ್ಲಿದ್ದವೆಲ್ಲ ಬೇರೆಯವರ ಹಾಡುಗಳು. ಮನೆ ಒಡೆದವರು ಕೊನೆಯ ಊಟಕ್ಕೆ ನೆರೆಮನೆಯಿಂದ ಸಾರು ತಂದು ಬಡಿಸಿದ ಹಾಗಾಯಿತು.

ಇತ್ತ ಸ್ವಂತ ಆಲ್ಬಂನ ತಯಾರಿ ಆರಂಭವಾಯಿತು. ಏಕಾಂಗಿಯಾಗುವುದೆಂದರೆ ಒಬ್ಬರೇ ಇರುವುದು ಎಂದು ನಾವು ತಿಳಿದಿದ್ದೆವು. ಅದು ನಮ್ಮ ಅಜ್ಞಾನ. ಝ್ಯಾಕ್ ಅವರ ಏಕಾಂತಕ್ಕೆ ಡಿಜೆ ಶ್ಯಾಡೋ ಬಂದರು, ದಿ ರೂಟ್ಸ್ ತಂಡದ ಕ್ವೆಸ್ಟ್‌ಲವ್ ಬಂದರು, ನೈನ್ ಇಂಚ್ ನೈಲ್ಸ್‌ನ ಟ್ರೆಂಟ್ ರೆಝ್ನರ್ ಬಂದರು. ಮದುವೆಯ ಅಡುಗೆಗೂ ಇಷ್ಟು ಹೆಸರಾಂತ ಬಾಣಸಿಗರನ್ನು ಯಾರೂ ಕರೆಸುವುದಿಲ್ಲ. ಶ್ಯಾಡೋ ಅವರೊಡನೆ ಮಾಡಿದ ಒಂದು ಹಾಡು 2003ರಲ್ಲಿ ಇರಾಕ್ ಯುದ್ಧವನ್ನು ವಿರೋಧಿಸಿ ಅಂತರಜಾಲದಲ್ಲಿ ಉಚಿತವಾಗಿ ಬಂತು. ರೆಝ್ನರ್ ಅವರೊಡನೆ ಮಾಡಿದ ಒಂದು ಹಾಡು 2004ರಲ್ಲಿ, ಮೈಕೆಲ್ ಮೂರ್ ಅವರ ಸಾಕ್ಷ್ಯಚಿತ್ರವೊಂದರ ಹೆಸರು ಹೊತ್ತ ಸಂಕಲನದಲ್ಲಿ ಬಂತು. ಉಳಿದ ಹಾಡುಗಳು ಕಪಾಟು ಸೇರಿದವು. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ಕೇಳಿ ಎಲೆಯ ಮುಂದೆ ಕುಳಿತವರಿಗೆ ಎರಡು ಹಪ್ಪಳ ಬಿದ್ದವು. ಅನ್ನದ ಹಂಡೆ ಒಳಗೇ ಉಳಿಯಿತು.

ಹಳೆಯ ಮನೆಯ ಮೂವರು ಏನಾದರು? ಯಂತ್ರದ ವಿರುದ್ಧ ರೋಷ ತೋರಿದ ಮೂವರು ತಾವೇ ಯಂತ್ರದಷ್ಟು ನಿಯಮಿತವಾಗಿ ದುಡಿದರು. ಸೌಂಡ್‌ಗಾರ್ಡನ್ ತಂಡದ ಗಾಯಕರಾಗಿದ್ದ ಕ್ರಿಸ್ ಕಾರ್ನೆಲ್ ಅವರನ್ನು ಕರೆತಂದು ಆಡಿಯೋಸ್ಲೇವ್ ಎಂಬ ತಂಡ ಕಟ್ಟಿ, 2002, 2005 ಮತ್ತು 2006ರಲ್ಲಿ ಮೂರು ಆಲ್ಬಂ ಹೊರತಂದರು. 2005ರ ಮೇ ತಿಂಗಳಿನಲ್ಲಿ ಕ್ಯೂಬಾದ ಹವಾನಾದಲ್ಲಿ ಹಾಡಿ ಬಂದರು. ಬಳಿಕ 2007ರ ಫೆಬ್ರುವರಿಯಲ್ಲಿ ಕಾರ್ನೆಲ್ ಅವರೂ, ಬಗೆಹರಿಯದ ವ್ಯಕ್ತಿತ್ವದ ಘರ್ಷಣೆ ಮತ್ತು ಸಂಗೀತದ ಭಿನ್ನಾಭಿಪ್ರಾಯಗಳ ಕಾರಣ ಕೊಟ್ಟು, ಸ್ವತಂತ್ರವಾಗಿ ಹಾಡಲು ಹೊರಟುಹೋದರು. ಅದೇ ವರ್ಷ ಅವರ ಸ್ವಂತ ಆಲ್ಬಂ ಬಂದೂ ಬಂತು. ಹೇಳಿದ ಮಾತನ್ನು ಅದೇ ವರ್ಷ ನಡೆಸಿಕೊಟ್ಟ ಈ ಅನಾಗರಿಕತೆಯನ್ನು ದಂತಕಥೆಗಳ ಲೋಕ ಕ್ಷಮಿಸಲಿಲ್ಲ. ಆ ಆಲ್ಬಂ ಬಗ್ಗೆ ಇಂದು ಎಷ್ಟು ಮಂದಿ ಮಾತಾಡುತ್ತಾರೆ? ಬಾರದ ಆಲ್ಬಂ ಬಗ್ಗೆ ಮಾತ್ರ ವರ್ಷಕ್ಕೊಂದು ಲೇಖನ ತಪ್ಪುವುದಿಲ್ಲ, ಈ ವರ್ಷದ ಪಾಳಿ ನನ್ನದು.

ಕಾರ್ನೆಲ್ ಹೋದ ಎರಡೇ ತಿಂಗಳಿಗೆ, 2007ರ ಏಪ್ರಿಲ್ ಕೊನೆಯಲ್ಲಿ, ಕೋಚೆಲ್ಲಾ ಉತ್ಸವದಲ್ಲಿ ಝ್ಯಾಕ್ ಅವರು ಅದೇ ಮೂವರೊಡನೆ ವೇದಿಕೆ ಏರಿದರು. ಹಾಡಿದ್ದು ಹಳೆಯ ಹಾಡುಗಳನ್ನೇ. ಪಾಲಾಗಿ ಏಳನೆಯ ವರ್ಷಕ್ಕೆ ಹಬ್ಬದ ನೆಪದಲ್ಲಿ ಹಳೆಯ ಮನೆಗೆ ಬಂದು, ಅಲ್ಲಿಯ ಒಲೆಯಲ್ಲೇ ಬೇಯಿಸಿದ್ದನ್ನು ಉಂಡು, ಕೈತೊಳೆದು ಹೊರಡುವ ಈ ಪದ್ಧತಿ 2011ರವರೆಗೆ ಆಗಾಗ ನಡೆಯಿತು. ಹೊಸ ಹಾಡು ಒಂದೂ ಹುಟ್ಟಲಿಲ್ಲ.

ನಡುವೆ 2008ರಲ್ಲಿ ಒಮ್ಮೆ ಹೊಗೆ ಕಂಡಂತಾಗಿ ಊರೆಲ್ಲ ಓಡಿತು. ಮಾರ್ಸ್ ವೋಲ್ಟಾ ತಂಡದಲ್ಲಿದ್ದ ಡ್ರಮ್ ವಾದಕ ಜಾನ್ ಥಿಯೊಡೋರ್ ಅವರೊಡನೆ ಕೂಡಿ ಝ್ಯಾಕ್ ಅವರು 'ಒನ್ ಡೇ ಆ್ಯಸ್ ಎ ಲಯನ್' ಎಂಬ ಹೆಸರಿನಲ್ಲಿ ಐದು ಹಾಡುಗಳನ್ನು ಹೊರತಂದರು. ಸಾವಿರ ವರ್ಷ ಕುರಿಯಾಗಿ ಬಾಳುವುದಕ್ಕಿಂತ ಒಂದು ದಿನ ಸಿಂಹವಾಗಿ ಬಾಳುವುದು ಮೇಲು ಎಂಬ ಗೋಡೆಬರಹದಿಂದ ಎತ್ತಿಕೊಂಡ ಹೆಸರದು. ಹೆಸರಿನಲ್ಲಿ ಒಂದು ದಿನವೆಂದು ಸ್ಪಷ್ಟವಾಗಿ ನಮೂದಿಸಿದ್ದರೂ ಜನ ಎರಡನೆಯ ದಿನಕ್ಕಾಗಿ ಕಾದು ನಿರಾಶರಾದರು. ಇದಕ್ಕೆ ಸಿಂಹವನ್ನು ದೂರಿ ಫಲವಿಲ್ಲ. ಅಂದಹಾಗೆ ಅದೂ ಏಕಾಂಗಿ ಆಲ್ಬಂ ಅಲ್ಲ. ಇಬ್ಬರು ಸೇರಿ ಏಕಾಂಗಿಯಾಗುವುದು ಗಣಿತದಲ್ಲಿ ಇನ್ನೂ ಸಾಧ್ಯವಾಗಿಲ್ಲ.

ಗಾಯಕರು ಇಷ್ಟು ಮೌನವಾಗಿದ್ದರೂ ಯಂತ್ರ ಅವರನ್ನು ಕೈಬಿಡಲಿಲ್ಲ. 2009ರ ಕ್ರಿಸ್‌ಮಸ್‌ಗೆ ಬ್ರಿಟನ್ನಿನಲ್ಲಿ ಒಂದು ಚಳವಳಿಯೆದ್ದಿತು. ಕ್ರಿಸ್‌ಮಸ್ ವಾರದ ಹಾಡುಗಳ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನವನ್ನು ನಾಲ್ಕು ವರ್ಷಗಳಿಂದ 'ಎಕ್ಸ್ ಫ್ಯಾಕ್ಟರ್' ಎಂಬ ಟಿವಿ ಸ್ಪರ್ಧೆಯ ವಿಜೇತರೇ ಪಡೆಯುತ್ತಿದ್ದುದರಿಂದ ಬೇಸತ್ತ ದಂಪತಿಗಳಿಬ್ಬರು, ಈ ಸಲ ಎಲ್ಲರೂ ತಪ್ಪದೆ ರೇಜ್ ತಂಡದ 1992ರ 'ಕಿಲ್ಲಿಂಗ್ ಇನ್ ದಿ ನೇಮ್' ಹಾಡನ್ನೇ ಕೊಳ್ಳಬೇಕೆಂದು ಫೇಸ್‌ಬುಕ್‌ನಲ್ಲಿ ಕರೆ ಕೊಟ್ಟರು. ನೀ ಹೇಳಿದ್ದನ್ನು ನಾ ಮಾಡೆ ಎಂದು ಸಾರುವ ಆ ಹಾಡನ್ನು, ಹೇಳಿದವರ ಮಾತಿನಂತೆಯೇ ಐದು ಲಕ್ಷಕ್ಕೂ ಹೆಚ್ಚು ಪ್ರತಿಗಳಲ್ಲಿ, ಹೇಳಿದ ವಾರದಲ್ಲೇ ಜನ ಶಿಸ್ತಿನಿಂದ ಕೊಂಡರು. ಸ್ಪರ್ಧೆಯ ವಿಜೇತ ಜೋ ಮೆಕ್‌ಎಲ್ಡೆರಿ ಸೋತರು, ಬಂಡಾಯ ಗೆದ್ದಿತು. ಸೋತ ಹಾಡೂ ಗೆದ್ದ ಹಾಡೂ ಸೋನಿಯವೇ. ಎರಡೂ ಟಗರುಗಳ ಹಗ್ಗ ಒಬ್ಬನ ಕೈಯಲ್ಲೇ ಇರುವ ಕಾಳಗದಲ್ಲಿ ನೋಡುವವರಿಗಷ್ಟೇ ಎದೆಬಡಿತ. ತಂಡದವರು ಮರುವರ್ಷ ಜೂನಿನಲ್ಲಿ ಲಂಡನ್ನಿನ ಫಿನ್ಸ್‌ಬರಿ ಪಾರ್ಕಿನಲ್ಲಿ ಉಚಿತವಾಗಿ ಹಾಡಿ ಋಣ ತೀರಿಸಿದರೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

2016ರಲ್ಲಿ ಗಾಯಕರಿಲ್ಲದ ಮೂವರು ಪ್ರಾಫೆಟ್ಸ್ ಆಫ್ ರೇಜ್ ಎಂಬ ಮತ್ತೊಂದು ಸಂಸಾರ ಹೂಡಿ, ಝ್ಯಾಕ್ ಅವರ ಜಾಗಕ್ಕೆ ರ‍್ಯಾಪ್ ತಂಡಗಳಾದ ಪಬ್ಲಿಕ್ ಎನಿಮಿಯ ಚಕ್ ಡಿ ಮತ್ತು ಸೈಪ್ರೆಸ್ ಹಿಲ್‌ನ ಬಿ-ರಿಯಲ್ ಇಬ್ಬರನ್ನೂ ನಿಲ್ಲಿಸಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಝ್ಯಾಕ್ ಅವರು ರ‍್ಯಾಪ್ ಗಾಯಕ ಎಲ್-ಪಿ ಅವರ ನಿರ್ಮಾಣದಲ್ಲಿ ಒಂದೇ ಒಂದು ಹಾಡನ್ನು ತಮ್ಮ ಸ್ವಂತ ಹೆಸರಿನಲ್ಲಿ ಬಿಟ್ಟರು. ಅದರ ಬೆನ್ನಿಗೇ, ಬರುವ ವರ್ಷ ಆಲ್ಬಂ ಎಂಬ ಸುದ್ದಿಯೂ ಬಂತು. ಬರುವ ವರ್ಷ ಬಂತು, ಹೋಯಿತು. ಎಲ್-ಪಿ ಅವರ ರನ್ ದಿ ಜುವೆಲ್ಸ್ ಜೋಡಿಯ ಆಲ್ಬಂಗಳಲ್ಲಿ ಮಾತ್ರ ಅತಿಥಿಯಾಗಿ ಬಂದು ಒಂದೊಂದು ಚರಣ ಹೇಳಿ ಹೋಗುವುದು ನಡೆದೇ ಇತ್ತು. ಆ ಚರಣಗಳು ಈಗಲೂ ಮೈ ನವಿರೇಳಿಸುತ್ತವೆ ಎಂಬುದೇ ಸಂಕಟ. ಕಂಠ ಕೆಟ್ಟಿದ್ದರೆ ನಾವೆಲ್ಲ ಎಂದೋ ಎಲೆ ಮಡಚಿ ಏಳುತ್ತಿದ್ದೆವು.

2020ಕ್ಕೆ ಗೊತ್ತುಮಾಡಿದ್ದ ಪುನರ್ಮಿಲನದ ಪ್ರವಾಸವನ್ನು ಕೋವಿಡ್ ನುಂಗಿತು. 2022ರ ಜುಲೈನಲ್ಲಿ ಕೊನೆಗೂ ಹೊರಟಾಗ, ಎರಡನೆಯ ಕಛೇರಿಯಲ್ಲೇ, ಶಿಕಾಗೋದಲ್ಲಿ, ಗಾಯಕರ ಕಾಲಿಗೆ ಪೆಟ್ಟಾಯಿತು. ಅವರು ವಾದ್ಯದ ಪೆಟ್ಟಿಗೆಯ ಮೇಲೆ ಕುಳಿತು ಹಾಡಿ ಆ ರಾತ್ರಿಯನ್ನು ಮುಗಿಸಿದರು, ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಐದು ಕಛೇರಿಗಳನ್ನೂ ಕುಳಿತೇ ಹಾಡಿದರು. ಇದರಲ್ಲಿ ನಗುವಂಥದ್ದೇನೂ ಇಲ್ಲ. ಆ ಹಾಡುಗಳನ್ನು ಕುಳಿತು ಹಾಡಲು ಅಸಾಧ್ಯ ಗುಂಡಿಗೆ ಬೇಕು. ಉಳಿದ ಪ್ರವಾಸ ರದ್ದಾಯಿತು. 2023ರ ನವೆಂಬರಿನಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನವರು ತಂಡವನ್ನು ಗೌರವಿಸಲು ಕರೆದಾಗ ನಾಲ್ವರಲ್ಲಿ ಮೊರೆಲೊ ಒಬ್ಬರೇ ಹೋಗಿ ಭಾಷಣ ಮಾಡಿ ಬಂದರು. ಇಷ್ಟು ವರ್ಷಗಳಲ್ಲಿ ಈ ತಂಡದ ಹೆಸರಿನಲ್ಲಿ ನಡೆದ ಅಪ್ಪಟ ಏಕಾಂಗಿ ಪ್ರದರ್ಶನವೆಂದರೆ ಅದೊಂದೇ, ಅದೂ ಗಾಯಕರದಲ್ಲ.

2024ರ ಜನವರಿಯಲ್ಲಿ ತಂಡ ಇನ್ನೆಂದೂ ಪ್ರವಾಸ ಹೋಗುವುದಿಲ್ಲ, ವೇದಿಕೆ ಏರುವುದಿಲ್ಲ ಎಂದು ಡ್ರಮ್ ವಾದಕ ವಿಲ್ಕ್ ಅವರು ಪ್ರಕಟಿಸಿದರು. ನಿರ್ಣಯ ಪ್ರಕ್ರಿಯೆಯ ವೈಫಲ್ಯದ ಬಗ್ಗೆ ಈ ಸಲ ಯಾವ ಒಕ್ಕಣೆಯೂ ಇರಲಿಲ್ಲ, ಗಾಯಕರ ಸಹಿಯೂ ಇರಲಿಲ್ಲ. ಸುದ್ದಿ ಓದಿದ ಸಂಜೆ ನನ್ನ ಸ್ನೇಹಿತರೊಬ್ಬರು ಫೋನ್ ಮಾಡಿದರು. ಪಿಯುಸಿಯಲ್ಲಿ ರೇಜ್ ಕ್ಯಾಸೆಟ್ ಸವೆಯುವಂತೆ ಕೇಳಿ, ಈಗ ತಲೆ ನರೆತು, ಮಗಳ ಪಿಯುಸಿ ಸೀಟಿಗಾಗಿ ಅಲೆಯುತ್ತಿರುವವರು. ಸಂತಾಪ ಹೇಳಬೇಕೆಂದು ನಾನು ಗಂಟಲು ಸರಿಮಾಡಿಕೊಳ್ಳುತ್ತಿರುವಾಗಲೇ ಅವರು ಉತ್ಸಾಹದಿಂದ, "ಒಳ್ಳೆಯದೇ ಆಯಿತು ಬಿಡಿ ಸಾರ್, ತಂಡದ ತಾಪತ್ರಯ ಕಳೆಯಿತಲ್ಲ, ಇನ್ನು ಅವರ ಸ್ವಂತ ಆಲ್ಬಂ ಬಂದೇ ಬರುತ್ತದೆ" ಎಂದರು.