ಸೀಕ್ವೆನ್ಸಿಂಗ್ ಆದಮೇಲೆಯೇ ಜಾಸ್ತಿ ಕೆಲಸ

ಅಲಂಕಾರದ ಗಿಡಗಳಲ್ಲಿ ಹೊಸ ವೈರಸ್‌ಗಳನ್ನು ಹುಡುಕುವ ಬಗೆಯನ್ನು ನಿಮ್ಮ ಲೇಖನ ಚೆನ್ನಾಗಿ ವಿವರಿಸಿದೆ. ಆದರೆ ಎಲೆಯ ಆರ್‌ಎನ್‌ಎ ಸೀಕ್ವೆನ್ಸಿಂಗ್ ಮಾಡಿದರೆ, ಅಂದರೆ ಅದರ ಆನುವಂಶಿಕ ಅಕ್ಷರಗಳ ಸಾಲನ್ನು ಓದಿ ವೈರಸ್ ಪತ್ತೆಹಚ್ಚಿದರೆ, ಕೆಲಸ ಮುಗಿಯಿತು ಎಂಬ ಅದರ ಮಾತು ಒಪ್ಪಲಾಗಲಿಲ್ಲ. ನಿಜವಾದ ಕೆಲಸ ಶುರುವಾಗುವುದೇ ಅಲ್ಲಿಂದ, ಅಲ್ವಾ?

ಒಂದೇ ಗಿಡದಲ್ಲಿ ಎರಡು ಮೂರು ವೈರಸ್‌ಗಳು ಒಟ್ಟಿಗೆ ಇರಬಹುದು. ಕೆಲವು ಯಾವ ಲಕ್ಷಣವನ್ನೂ ತೋರಿಸದೆ ಸುಮ್ನೆ ಇರುತ್ತವೆ. ರೋಗ ತಂದದ್ದು ಯಾವುದು? ಅದನ್ನು ತಿಳಿಯಲು ಒಂದೊಂದನ್ನೇ ಆರೋಗ್ಯವಾದ ಗಿಡಕ್ಕೆ ದಾಟಿಸಿ, ಅದೇ ಲಕ್ಷಣ ಬರುತ್ತದೆಯೇ ಎಂದು ಕಾಯಬೇಕು. ಹರಡುವುದು ಕಸಿಯಿಂದಲೋ, ಸಸ್ಯಹೇನಿನಿಂದಲೋ, ನುಸಿಯಿಂದಲೋ (ಮೈಟ್) ಎಂದೂ ನೋಡಬೇಕು.

ಗುಲಾಬಿಯ ರೋಸೆಟ್ ರೋಗವನ್ನೇ ನೋಡಿ. ಚಿಗುರು ಕೆಂಪಾಗಿ, ಪೊರಕೆಯಂತೆ ಗುಂಪುಗಟ್ಟಿ, ಮುಳ್ಳು ವಿಪರೀತ ಹೆಚ್ಚುತ್ತದೆ. ಉತ್ತರ ಅಮೆರಿಕದಲ್ಲಿ 1940ರ ದಶಕದಲ್ಲೇ ಇದನ್ನು ದಾಖಲಿಸಿದ್ದರು. ಕಾರಣವಾದ ವೈರಸ್ ಗುರುತಾದದ್ದು 2011ರಲ್ಲಿ! ಅದನ್ನು ಹರಡುವ ಎರಿಯೊಫಿಡ್ ನುಸಿ ಬರಿಗಣ್ಣಿಗೆ ಕಾಣುವುದೇ ಕಷ್ಟ. ಇಷ್ಟು ವರ್ಷ ಎಷ್ಟೋ ಗುಲಾಬಿ ತೋಟಗಳು ಕಾರಣ ತಿಳಿಯದೆ ಹಾಳಾದವು ಎಂದು ನೆನೆದರೆ ನನಗೆ ಬೇಸರವಾಗುತ್ತದೆ.

ಇನ್ನೊಂದು ತೊಂದರೆ, ಹೂಗಿಡದ ರೋಗ ಕೆಲವೊಮ್ಮೆ ಚೆಂದವಾಗಿಯೇ ಕಾಣುತ್ತದೆ. ಟುಲಿಪ್ ಹೂವಿನ ಪಟ್ಟೆಗಳು ಗಡ್ಡೆಯಿಂದ ಗಡ್ಡೆಗೆ ದಾಟುವ ಸೋಂಕು ಎಂದು ಬ್ರಿಟಿಷ್ ವಿಜ್ಞಾನಿ ಡೊರೊಥಿ ಕೇಲಿ 1928ರಲ್ಲಿ ತೋರಿಸಿದರು. ಅಬುಟಿಲಾನ್ ಎಂಬ ಹೂಗಿಡದ ಹಳದಿ ಮಚ್ಚೆಯ ಎಲೆಗೂ ವೈರಸ್ಸೇ ಕಾರಣ. ಜನ ಆ ಗಿಡವನ್ನೇ ಇಷ್ಟಪಟ್ಟು ಕಡ್ಡಿಯಿಂದ ಬೆಳೆಸುತ್ತಾರೆ, ಸೋಂಕೂ ಜೊತೆಗೇ ಹೋಗುತ್ತದೆ.

ಸೋಂಕು ತಗುಲಿದ ಗಿಡದ ಚಿಗುರ ತುದಿಯಿಂದಲೇ ವೈರಸ್ ಇಲ್ಲದ ಗಿಡ ಬೆಳೆಸುವ ವಿಧಾನವನ್ನು 1952ರಲ್ಲಿ ಮೊದಲು ಸಾಧಿಸಿದ್ದು ಡೇಲಿಯಾದಲ್ಲಿ. ಅದರ ಬಗ್ಗೆಯೂ ದಯವಿಟ್ಟು ಬರೆಯಿರಿ.