ಆಟಕ್ಕುಂಟು, ಲೆಕ್ಕಕ್ಕಿಲ್ಲವೇ? ಅಲಿಯ ಕೊನೆಯ ಎರಡು ಸೋಲು

ದುರ್ಗಾಂಬಿಕೆ ಜಾತ್ರೆಯ ಬಯಲು ಕುಸ್ತಿ ಮುಗಿದ ಮೇಲೆ ದಾವಣಗೆರೆಯಲ್ಲಿ ಮಂಡಕ್ಕಿ-ಮಿರ್ಚಿ ಮುಂದೆ ಶುರುವಾಗುವ ವಾದಗಳಲ್ಲಿ ಇದೂ ಒಂದು: ವಯಸ್ಸು ಮೀರಿದ ಹೆವಿವೇಟ್ ಚಾಂಪಿಯನ್ ಕೊನೆಗಾಲದಲ್ಲಿ ಸೋತದ್ದನ್ನು ಅವನ ಹಿರಿಮೆಯ ಲೆಕ್ಕಕ್ಕೆ ಹಿಡಿಯಬೇಕೆ? ಕುಸ್ತಿಯ ಕಣ್ಣಿನಿಂದಲೇ ಬಾಕ್ಸಿಂಗ್ ನೋಡುವ ಇಬ್ಬರು ಇಲ್ಲಿ ಮುಹಮ್ಮದ್ ಅಲಿಯನ್ನು ಮುಂದಿಟ್ಟುಕೊಂಡು ಬರೆದಿದ್ದಾರೆ.

ಪರ: ಹಿಡಿಯಲೇಬೇಕು

ಕಣಕ್ಕಿಳಿದು, ಮಣ್ಣು ಮುಟ್ಟಿ, ಕೈ ಕೂಡಿಸಿದ ಮೇಲೆ ಪೈಲ್ವಾನನ ವಯಸ್ಸು ಕೇಳುವಂತಿಲ್ಲ. ಬೆನ್ನು ನೆಲಕ್ಕೆ ತಾಗಿತೋ ಇಲ್ಲವೋ, ಅಷ್ಟೇ. ರಿಂಗಿಗೂ ಅದೇ ನ್ಯಾಯ.

ಅಲಿ ಆಡಿದ್ದು 61 ಪಂದ್ಯ. 56 ಗೆಲುವು, 5 ಸೋಲು. ಆ ಐದರಲ್ಲಿ ಕೊನೆಯ ಎರಡನ್ನು ಬಿಟ್ಟುಬಿಡಿ ಎನ್ನುತ್ತಾರೆ: 1980ರ ಅಕ್ಟೋಬರ್ 2ರಂದು ಲಾಸ್ ವೇಗಸ್‌ನಲ್ಲಿ ಲ್ಯಾರಿ ಹೋಮ್ಸ್ ಎದುರು, 1981ರ ಡಿಸೆಂಬರ್ 11ರಂದು ಬಹಾಮಾಸ್‌ನಲ್ಲಿ ಟ್ರೆವರ್ ಬರ್ಬಿಕ್ ಎದುರು. ಬಿಟ್ಟರೆ ಮೊದಲು ಅನ್ಯಾಯವಾಗುವುದು ಹೋಮ್ಸ್‌ಗೆ. ಹಿಂದೆ ಅಲಿಗೇ ಸ್ಪಾರಿಂಗ್ (ಅಭ್ಯಾಸದ ಗುದ್ದಾಟ) ಜೊತೆಗಾರನಾಗಿದ್ದು, 30ನೇ ವಯಸ್ಸಿಗೆ ಒಂದೂ ಸೋಲಿಲ್ಲದೆ ಚಾಂಪಿಯನ್ ಆಗಿದ್ದವನು ಅವನು. ಮೂವರು ತೀರ್ಪುಗಾರರೂ ಹತ್ತಕ್ಕೆ ಹತ್ತು ರೌಂಡ್ ಅವನಿಗೇ ಕೊಟ್ಟರು. ಹೆವಿವೇಟ್‌ನ ಅತ್ಯುತ್ತಮ ಜ್ಯಾಬ್‌ಗಳಲ್ಲಿ (ಮುಂದಿನ ಕೈಯಿಂದ ನೇರ ಹಾಕುವ ಚುರುಕು ಗುದ್ದು) ಒಂದು ಅವನದು. ಮೊಣಕೈ ಹೊರಗೆ ಹಾರದೆ ಎಡಗೈ ಗೆರೆ ಎಳೆದಂತೆ ಹೋಗಿ, ಅದೇ ಗೆರೆಯಲ್ಲಿ ಗದ್ದಕ್ಕೆ ವಾಪಸಾಗುತ್ತಿತ್ತು. ಅಂಥ ಕೈ ಗೆದ್ದದ್ದನ್ನು ಬರೀ ವಯಸ್ಸಿನ ಗೆಲುವು ಎಂದು ತಳ್ಳಿಹಾಕಲಾಗದು.

ಎರಡನೆಯ ಮಾತು ಇನ್ನೂ ಮುಖ್ಯ. ಇಳಿಗಾಲ ಹೊಸ ತಪ್ಪು ಹುಟ್ಟಿಸುವುದಿಲ್ಲ, ಹಳೆಯದರ ಮುಸುಕು ತೆಗೆಯುತ್ತದೆ. ಅಲಿ ಕೈಗಳನ್ನು ಸೊಂಟದ ಮಟ್ಟಕ್ಕೆ ಇಳಿಬಿಟ್ಟು, ಗುದ್ದು ಬಂದಾಗ ತಲೆಯನ್ನು ನೇರ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಹೊಸಬರಿಗೆ ಯಾವ ಕೋಚೂ ಇದನ್ನು ಹೇಳಿಕೊಡುವುದಿಲ್ಲ, ಏಕೆಂದರೆ ತಲೆ ಹಿಂದೆ ಹೋದರೂ ಪಾದ ಅಲ್ಲೇ ಇದ್ದರೆ ಗದ್ದ ಎದುರಾಳಿಯ ಅಳತೆಯೊಳಗೇ ಇರುತ್ತದೆ. ಅಲಿಯ ಕಾಲು ಅದೇ ಗಳಿಗೆಯಲ್ಲಿ ಅರ್ಧ ಹೆಜ್ಜೆ ಹಿಂದೆ ಒಯ್ಯುತ್ತಿತ್ತು, ಆದ್ದರಿಂದ ಬಚಾವಾಗುತ್ತಿದ್ದ. ಒಯ್ಯದಿದ್ದಾಗ ಏನಾಯಿತು? 1963ರಲ್ಲಿ, ಇನ್ನೂ 21ರ ಹರೆಯದಲ್ಲಿ, ಲಂಡನ್‌ನಲ್ಲಿ ಹೆನ್ರಿ ಕೂಪರ್‌ನ ಎಡ ಹುಕ್‌ಗೆ (ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಗುದ್ದು) ನೆಲ ಕಂಡ. 1971ರಲ್ಲಿ 15ನೇ ರೌಂಡ್‌ನಲ್ಲಿ ಜೋ ಫ್ರೇಜಿಯರ್‌ನ ಎಡ ಹುಕ್‌ಗೂ ಬಿದ್ದ. 1980ರಲ್ಲಿ ಹೋಮ್ಸ್ ಹೊಡೆದದ್ದೂ ಅದೇ ಬಾಗಿಲಿನಿಂದ, ಆದರೆ ಅಂದು ಆ ಬಾಗಿಲು ಮುಚ್ಚುವ ಕಾಲು ಇರಲಿಲ್ಲ.

ವಯಸ್ಸಿನ ಸೋಲು ಬೇಡವೆಂದರೆ ವಯಸ್ಸಿನ ಗೆಲುವನ್ನೂ ಬಿಡಬೇಕಾಗುತ್ತದೆ. 1978ರಲ್ಲಿ 36ರ ಅಲಿ ಫೆಬ್ರವರಿಯಲ್ಲಿ ಲಿಯಾನ್ ಸ್ಪಿಂಕ್ಸ್‌ಗೆ ಸೋತು ಸೆಪ್ಟೆಂಬರ್‌ನಲ್ಲಿ ಗೆದ್ದು ಮೂರನೇ ಸಲ ಚಾಂಪಿಯನ್ ಆದ. 1994ರಲ್ಲಿ 45ರ ಜಾರ್ಜ್ ಫೋರ್ಮನ್, ಮೂವರು ತೀರ್ಪುಗಾರರ ಅಂಕದ ಚೀಟಿಯಲ್ಲೂ ಹಿಂದಿದ್ದವನು, 10ನೇ ರೌಂಡ್‌ನಲ್ಲಿ 26ರ ಮೈಕಲ್ ಮೂರರ್‌ನನ್ನು ಬಲಗೈಯಲ್ಲಿ ಮಲಗಿಸಿದ. ಕಿನ್ಶಾಸಾದಲ್ಲಿ 1974ರಲ್ಲಿ ಅಲಿ ಹಗ್ಗಕ್ಕೆ ಒರಗಿ ಗುದ್ದು ತಿಂದು ಫೋರ್ಮನ್‌ನನ್ನು ಸುಸ್ತು ಮಾಡಿದ್ದೂ ಕಾಲಿನ ಹಳೆಯ ವೇಗ ಹೋಗಿದ್ದರಿಂದಲೇ. ಇವನ್ನೆಲ್ಲ ಕಿರೀಟದಲ್ಲಿ ಇಟ್ಟುಕೊಂಡು ವೇಗಸ್‌ನ ರಾತ್ರಿಯನ್ನಷ್ಟೇ ಹೊರಗಿಡುವುದು ಸರಿಯಲ್ಲ. ರಾಕಿ ಮಾರ್ಸಿಯಾನೊ 49 ಗೆದ್ದು, ಒಂದೂ ಸೋಲದೆ, 1956ರಲ್ಲಿ 32ರ ವಯಸ್ಸಿಗೇ ನಿಲ್ಲಿಸಿದ. ಯಾವಾಗ ನಿಲ್ಲಿಸಬೇಕು ಎಂಬ ತಿಳಿವಳಿಕೆಗೂ ಬೆಲೆ ಬೇಕಲ್ಲ.

ವಿರೋಧ: ಹಿಡಿಯಕೂಡದು

ಮಣ್ಣು ಮುಟ್ಟಿದ ಮೇಲೆ ವಯಸ್ಸು ಕೇಳುವಂತಿಲ್ಲ, ನಿಜ. ಕೇಳುವುದು ಅದಕ್ಕೂ ಮೊದಲು. ಜೋಡಿ ಹಾಕುವ ಹಿರಿಯರು ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ಮೈಕಟ್ಟು, ವಯಸ್ಸು ನೋಡುತ್ತಾರೆ. ಹೊಂದದ ಜೋಡಿ ಬಿಟ್ಟರೆ ಸುತ್ತ ಕೂತ ಜನ ಬಯ್ಯುವುದು ಬಿದ್ದವನನ್ನಲ್ಲ, ಜೋಡಿ ಹಾಕಿದವರನ್ನು. ನನ್ನ ವಾದ ಪೂರ್ತಿ ಇದರ ಮೇಲೇ ನಿಂತಿದೆ. ಪ್ರಶ್ನೆ ವಯಸ್ಸಿನದಲ್ಲ, ಆ ರಾತ್ರಿ ಆ ಮೈ ಗುದ್ದಾಟಕ್ಕೆ ಯೋಗ್ಯವಾಗಿತ್ತೇ ಎಂಬುದು. 1978ರ ಅಲಿ ಯೋಗ್ಯನಿದ್ದ, ಆ ವರ್ಷದ ಸೋಲು-ಗೆಲುವು ಎರಡನ್ನೂ ಹಿಡಿಯಿರಿ.

1980ರ ಜುಲೈನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ ಆಸ್ಪತ್ರೆಯಲ್ಲಿ ಅವನನ್ನು ತಪಾಸಣೆ ಮಾಡಿದರು. ಬೆರಳನ್ನು ಮೂಗಿಗೆ ಮುಟ್ಟಿಸುವಾಗ ಗುರಿ ಕೊಂಚ ತಪ್ಪುತ್ತಿತ್ತು, ಒಂಟಿಕಾಲಲ್ಲಿ ಕುಪ್ಪಳಿಸುವಾಗ ಇರಬೇಕಾದ ಚುರುಕಿರಲಿಲ್ಲ. ಜ್ಯಾಬ್ ತಪ್ಪಿಸಿಕೊಳ್ಳಬೇಕಾದವನಿಗೆ ಇದಕ್ಕಿಂತ ಸ್ಪಷ್ಟ ಎಚ್ಚರಿಕೆ ಬೇಕೆ? ಆದರೂ ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದಲ್ಲಿ ಆಡಲು ಲೈಸೆನ್ಸ್ ಸಿಕ್ಕಿತು. ಆಮೇಲೆ ಥೈರಾಯ್ಡ್ ಮಾತ್ರೆ ಬಂತು, ಅಲಿ ಅದನ್ನು ಹೇಳಿದ್ದಕ್ಕಿಂತ ಹೆಚ್ಚು ನುಂಗಿದ. ಆ ಮಾತ್ರೆ ಮೈಯ ಉರಿತವನ್ನು ಏರಿಸುತ್ತದೆ: ತೂಕ ಇಳಿಯುತ್ತದೆ, ಜೊತೆಗೆ ಸ್ನಾಯುವೂ ಕರಗುತ್ತದೆ, ಎದೆಬಡಿತ ಏರುತ್ತದೆ, ಸೆಕೆ ತಡೆಯುವ ಶಕ್ತಿ ಹೋಗುತ್ತದೆ. ತಕ್ಕಡಿ ಸುಮಾರು 98 ಕಿಲೊ ತೋರಿಸಿತು, ಹೆಚ್ಚುಕಡಿಮೆ ಕಿನ್ಶಾಸಾದ ತೂಕ. ಕೂದಲಿಗೂ ಬಣ್ಣ ಹಚ್ಚಿದ್ದರು. ಕಣ್ಣಿಗೆ ಹಳೆಯ ಅಲಿ, ಒಳಗೆ ನೀರು ಆರಿದ, ಬಲ ಬಸಿದ ಮೈ. ವೇಗಸ್‌ನ ತೆರೆದ ಬಯಲಿನ ಸೆಕೆಯಲ್ಲಿ ಅದು ಹತ್ತು ರೌಂಡ್ ನಿಂತದ್ದೇ ದೊಡ್ಡದು. ಕೊನೆಗೆ ಕೋಚ್ ಏಂಜೆಲೊ ಡಂಡಿಯೇ ಪಂದ್ಯ ನಿಲ್ಲಿಸಿದ.

ಬಹಾಮಾಸ್‌ನಲ್ಲಿ ಇನ್ನೂ ಅಧ್ವಾನ. ರೌಂಡ್‌ಗೆ ಬಾರಿಸಲು ಸರಿಯಾದ ಗಂಟೆ ಇರದೆ ದನದ ಕೊರಳಗಂಟೆ ಬಾರಿಸಿದರು. ಅಲಿಗೆ ಆಗ 39.

ಫೋರ್ಮನ್‌ನ ಉದಾಹರಣೆ ನನ್ನ ಕಡೆಗೇ ವಾಲುತ್ತದೆ. ಬಾಕ್ಸರ್‌ನಿಂದ ಮೊದಲು ಹೋಗುವುದು ಕಾಲು, ಆಮೇಲೆ ಕಣ್ಣು-ಕೈಯ ಹೊಂದಾಣಿಕೆ, ಎಲ್ಲಕ್ಕಿಂತ ಕೊನೆಗೆ ಗುದ್ದಿನ ಭಾರ. ಎರಡನೇ ಬಾರಿ ಬಂದ ಫೋರ್ಮನ್ ಕುಣಿಯಲೇ ಇಲ್ಲ. ತೋಳುಗಳನ್ನು ಅಡ್ಡ ಹಿಡಿದು, ಭಾರವಾದ ಜ್ಯಾಬ್ ಹಾಕುತ್ತಾ, ನಡು ರಿಂಗಿನಲ್ಲಿ ನಿಧಾನ ನಡೆದ. 1977ರಿಂದ 1987ರವರೆಗೆ ಹತ್ತು ವರ್ಷ ಅವನ ತಲೆಗೆ ಏಟೇ ಬಿದ್ದಿರಲಿಲ್ಲ. ಕೊನೆಗೆ ಉಳಿಯುವುದನ್ನೇ ಅವನು ಬಂಡವಾಳ ಮಾಡಿಕೊಂಡಿದ್ದ. ಅಲಿಯ ಬಂಡವಾಳ ಮೊದಲು ಕರಗುವ ಕಾಲು. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಕುಸ್ತಿಗೂ ಇದಕ್ಕೂ ಇನ್ನೊಂದು ವ್ಯತ್ಯಾಸವಿದೆ. ವಯಸ್ಸಾದಂತೆ ಮಿದುಳು ಕೊಂಚ ಕುಗ್ಗುತ್ತದೆ, ಅದನ್ನು ಹೊದಿಕೆಗೆ ಕೂಡಿಸುವ ಸಣ್ಣ ರಕ್ತನಾಳಗಳು ಎಳೆದು ಬಿಗಿಯಾಗುತ್ತವೆ. ಗದ್ದಕ್ಕೆ ಹುಕ್ ಬಿದ್ದು ತಲೆ ಗಿರಕ್ಕನೆ ತಿರುಗಿದಾಗ ಅವು ಹರಿಯುವ ಅಪಾಯ ಎಳೆಯರಿಗಿಂತ ಹೆಚ್ಚು. ಬೆನ್ನು ಮಣ್ಣಿಗೆ ತಾಗಿದವನು ಮೈ ಕೊಡವಿ ಏಳುತ್ತಾನೆ, ಇಲ್ಲಿ ಹಾಗಲ್ಲ.

ದಾಖಲೆ ಪುಸ್ತಕದ ಕುರುಡುತನ ನೋಡಬೇಕೆಂದರೆ ಮೈಕ್ ಟೈಸನ್‌ನ ಸೋಲುಗಳ ಪಟ್ಟಿ ತೆಗೆಯಿರಿ. 1990ರಲ್ಲಿ ಟೋಕಿಯೊದಲ್ಲಿ, 23ರ ಉಕ್ಕುವ ವಯಸ್ಸಿನಲ್ಲಿ, ಬಸ್ಟರ್ ಡಗ್ಲಸ್‌ಗೆ ನಾಕೌಟ್ ಆದದ್ದು ಒಂದು ಸೋಲು. 2024ರ ನವೆಂಬರ್‌ನಲ್ಲಿ ಟೆಕ್ಸಸ್‌ನಲ್ಲಿ, 58ನೇ ವಯಸ್ಸಿನಲ್ಲಿ, 10ರ ಬದಲು 14 ಔನ್ಸ್ ಗ್ಲೌಸ್ ತೊಟ್ಟು, ಮೂರರ ಬದಲು ಎರಡು ನಿಮಿಷದ ಎಂಟು ರೌಂಡ್ ಆಡಿ ಜೇಕ್ ಪಾಲ್‌ಗೆ ಅಂಕದಲ್ಲಿ ಸೋತದ್ದೂ ಒಂದು ಸೋಲು. ಎರಡಕ್ಕೂ ಅಲ್ಲಿ ಒಂದೊಂದೇ ಗೀಟು. ಜೋ ಲೂಯಿಸ್‌ನದೂ ಇದೇ ಪಾಡು: 25 ಸಲ ಪಟ್ಟ ಉಳಿಸಿಕೊಂಡವನು, ತೆರಿಗೆ ಬಾಕಿ ತೀರಿಸಲು ಮರಳಿ ಬಂದು, 1951ರಲ್ಲಿ 37ರ ವಯಸ್ಸಿಗೆ ಮಾರ್ಸಿಯಾನೊ ಗುದ್ದಿಗೆ ಹಗ್ಗದ ನಡುವಿನಿಂದ ಹೊರಬಿದ್ದ. ಅದನ್ನು ಲೂಯಿಸ್‌ನ ಕಲೆಗೆ ಅಂಟಿಸುವುದು ನ್ಯಾಯವೇ?

ನಿಲ್ಲಿಸುವ ತಿಳಿವಳಿಕೆ ಬಾಕ್ಸರ್‌ಗೇ ಇರಬೇಕು ಎನ್ನುವುದು ಹೇಳಲು ಸುಲಭ. ಗೆದ್ದು ಗೆದ್ದು ಬಂದವನಿಗೆ ತನ್ನ ಮೈ ಕೊನೆಗೆ ತಿಳಿಯುವುದು. ಅದಕ್ಕೇ ಪಕ್ಕದಲ್ಲಿ ವೈದ್ಯ, ಕೋಚ್, ಲೈಸೆನ್ಸ್ ಕೊಡುವ ಬಾಕ್ಸಿಂಗ್ ಕಮಿಷನ್ ಇರುವುದು. 1977ರ ಸೆಪ್ಟೆಂಬರ್‌ನಲ್ಲಿ ಅರ್ನಿ ಶೇವರ್ಸ್ ಜೊತೆ 15 ರೌಂಡ್ ಆಡಿ ಅಲಿ ಗೆದ್ದಾಗಲೇ ಅವನ ರಿಂಗ್ ವೈದ್ಯ ಫರ್ಡಿ ಪಚೆಕೊ ಮೂತ್ರಪಿಂಡ ಹಾಳಾಗುತ್ತಿದೆ ಎಂಬ ವರದಿಯನ್ನು ಅಲಿಗೂ ಅವನ ಸುತ್ತಲಿನವರಿಗೂ ಕಳಿಸಿದ. ಯಾರಿಂದಲೂ ಉತ್ತರ ಬರಲಿಲ್ಲ. ಪಚೆಕೊ ಬಿಟ್ಟು ಹೊರಟ. ಆಗಿನ್ನೂ ನಾಲ್ಕು ಪಂದ್ಯ ಬಾಕಿ ಇದ್ದವು.